ರೆಕಗ್ನೈಸ್ ಪದವನ್ನು ದಿನದ ಮಾತಿನಲ್ಲಿ ಬಳಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಓದಲು ಬರುವವರಿಗೂ ಮಾತಾಡುವಾಗ ಕೈಕೊಡುವ ಪದಗಳಲ್ಲಿ ರೆಕಗ್ನೈಸ್ ಒಂದು. ಅರ್ಥ ಗೊತ್ತಿರುತ್ತದೆ, ವಾಕ್ಯ ಮಾತ್ರ ಕೂಡಿಬರುವುದಿಲ್ಲ. ಕನ್ನಡ ಮಾತಾಡುವವರಿಗೆ ಎಲ್ಲಿ ತೊಡಕಾಗುತ್ತದೋ ಆ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಉದಾಹರಣೆಗಳನ್ನು ಮನಸ್ಸಿನಲ್ಲೇ ಓದಬೇಡಿ, ಬಾಯಿಬಿಟ್ಟು ಹೇಳಿ.

ರೆಕಗ್ನೈಸ್ ಅಂದರೆ ಸರಿಯಾಗಿ ಏನು?

ಮೊದಲೇ ಗೊತ್ತಿರುವ ಒಬ್ಬರನ್ನು ಅಥವಾ ಒಂದು ವಸ್ತುವನ್ನು ಮತ್ತೆ ಕಂಡಾಗ, ಅಥವಾ ಅವರ ದನಿ ಕೇಳಿದಾಗ, "ಇದು ಅದೇ" ಎಂದು ತಿಳಿಯುವುದು. ಕನ್ನಡದಲ್ಲಿ ಗುರುತಿಸುವುದು, ಗುರುತು ಹಿಡಿಯುವುದು. ಈ ಪದದ ಬೇರು ಲ್ಯಾಟಿನ್‌ನ ರೆಕಗ್ನೋಸ್ಕೆರೆ. ಅದರಲ್ಲಿ ರೆ ಅಂದರೆ ಮತ್ತೆ, ಉಳಿದ ಭಾಗದ ಅರ್ಥ ತಿಳಿಯುವುದು. ಈ "ಮತ್ತೆ" ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮೊದಲು ಗೊತ್ತಿರದಿದ್ದರೆ ರೆಕಗ್ನೈಸ್ ಮಾಡಲು ಆಗುವುದಿಲ್ಲ. ಮುಂದೆ ಬರುವ ಅರ್ಧಕ್ಕರ್ಧ ಉತ್ತರಗಳು ಇದರಿಂದಲೇ ಹುಟ್ಟುತ್ತವೆ.

ಇದಲ್ಲದೆ ಇನ್ನೂ ಮೂರು ಅರ್ಥಗಳು ಬಳಕೆಯಲ್ಲಿವೆ: ಅಧಿಕೃತವಾಗಿ ಮಾನ್ಯತೆ ಕೊಡುವುದು, ಒಬ್ಬರ ಕೆಲಸವನ್ನು ಮೆಚ್ಚಿ ಗೌರವಿಸುವುದು, ಒಂದು ಮಾತು ನಿಜ ಎಂದು ಒಪ್ಪಿಕೊಳ್ಳುವುದು. ಅವೆಲ್ಲ ಕೆಳಗೆ ಬರುತ್ತವೆ.

ಉಚ್ಚಾರ ಹೇಗೆ?

ಮೊದಲ ಅಕ್ಷರ "ರೆಕ್" ಮೇಲೆ ಒತ್ತು ಬೀಳಬೇಕು. ನಡುವಿನ ಗಕಾರವನ್ನು ನುಂಗಬೇಡಿ. ಕೊನೆಯ ದನಿ ನಮ್ಮ ಸಕಾರವಲ್ಲ, ಝೂ ಎಂಬ ಪದದ ಮೊದಲಲ್ಲಿ ಬರುವ ದನಿ. ಕನ್ನಡ ಲಿಪಿಯಲ್ಲಿ ಅದಕ್ಕೆ ನೆಟ್ಟಗೆ ಅಕ್ಷರವಿಲ್ಲ, ಅದಕ್ಕೇ ಇಲ್ಲಿ ರೆಕಗ್ನೈಸ್ ಎಂದೇ ಬರೆಯುತ್ತಿದ್ದೇನೆ.

ಭೂತಕಾಲದ ರೂಪ ರೆಕಗ್ನೈಸ್ಡ್. "ರೆಕಗ್ನೈಸಿಡ್" ಎಂದು ಎಳೆಯಬೇಡಿ. ಆದರೆ ಹಿ, ಶಿ ಜೊತೆ ಬರುವ ರೂಪದಲ್ಲಿ ಒಂದು ಉಸಿರು ಜಾಸ್ತಿ: "ಶಿ ರೆಕಗ್ನೈಸಿಸ್". ನಾಮಪದ ರೆಕಗ್ನಿಷನ್. ಅಲ್ಲಿ ಒತ್ತು "ನಿ" ಮೇಲೆ ಹೋಗುತ್ತದೆ.

ಕಾಗುಣಿತದಲ್ಲಿ ಎಸ್ ಬರೆಯಬೇಕೋ ಝೆಡ್ ಬರೆಯಬೇಕೋ?

ಎರಡೂ ಸರಿ. ಅಮೆರಿಕದಲ್ಲಿ ಝೆಡ್. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಹೆಚ್ಚಾಗಿ ಎಸ್. ಝೆಡ್ ಬರೆದರೆ ಬ್ರಿಟಿಷ್ ಇಂಗ್ಲಿಷ್ ಅಲ್ಲ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ಆಕ್ಸ್‌ಫರ್ಡ್ ನಿಘಂಟು ಮೊದಲಿನಿಂದಲೂ ಝೆಡ್ ರೂಪವನ್ನೇ ಮುಂದಿಟ್ಟಿದೆ. ಯಾವುದನ್ನಾದರೂ ಆರಿಸಿಕೊಳ್ಳಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

"ನನ್ನ ಗುರುತು ಸಿಕ್ತಾ?" ಇದನ್ನು ಇಂಗ್ಲಿಷಿನಲ್ಲಿ ಹೇಗೆ ಕೇಳುವುದು?

"ಡು ಯು ರೆಕಗ್ನೈಸ್ ಮಿ?" ಅಷ್ಟೇ.

ಇಷ್ಟು ಸಣ್ಣ ವಾಕ್ಯ ನಮಗೆ ಯಾಕೆ ಕಷ್ಟ ಆಗುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ಕನ್ನಡದಲ್ಲಿ ಗುರುತು ನಮಗೆ "ಸಿಗುತ್ತದೆ". ನನಗೆ ಅವರ ಗುರುತು ಸಿಗಲಿಲ್ಲ ಅನ್ನುತ್ತೇವೆ. ಗುರುತು ತಾನಾಗಿ ಬರುತ್ತದೆ, ನಾನು ಸುಮ್ನೆ ಪಡೆದುಕೊಳ್ಳುವವನು. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ನಾನೇ ಕರ್ತೃ, ಗುರುತಿಸುವ ಕೆಲಸ ನನ್ನದು, ಎದುರಿಗಿರುವವರು ಕರ್ಮ. ಹಾಗಾಗಿ "ನನಗೆ" ಎಂದು ಶುರುವಾಗುವ ವಾಕ್ಯವನ್ನು ಮನಸ್ಸಿನಲ್ಲಿ "ನಾನು" ಎಂದು ತಿರುಗಿಸಿಕೊಳ್ಳಬೇಕು.

ನನಗೆ ನಿಮ್ಮ ಗುರುತು ಸಿಗಲಿಲ್ಲ: "ಐ ಡಿಡಂಟ್ ರೆಕಗ್ನೈಸ್ ಯು."
ಅವಳಿಗೆ ನನ್ನ ದನಿ ಗೊತ್ತಾಯಿತು: "ಶಿ ರೆಕಗ್ನೈಸ್ಡ್ ಮೈ ವಾಯ್ಸ್."
ಮಗುವಿಗೆ ಅಜ್ಜಿಯ ಗುರುತು ಹತ್ತಿತು: "ದ ಬೇಬಿ ರೆಕಗ್ನೈಸ್ಡ್ ಹರ್ ಗ್ರ್ಯಾಂಡ್‌ಮದರ್."

ಈ ಒಂದು ತಿರುವು ಅಭ್ಯಾಸವಾದರೆ ಉಳಿದದ್ದು ಸುಲಭ. ಇನ್ನೊಂದು ಮಾತು. ಬಹಳ ವರ್ಷದ ಮೇಲೆ ಸಿಕ್ಕ ಹಿರಿಯರನ್ನು "ಡು ಯು ರೆಕಗ್ನೈಸ್ ಮಿ?" ಎಂದು ಕೇಳಿದರೆ ಅವರಿಗೆ ಪರೀಕ್ಷೆ ಕೊಟ್ಟ ಹಾಗಾಗುತ್ತದೆ. ಅಂಥ ಕಡೆ "ಯು ಮೇ ನಾಟ್ ರಿಮೆಂಬರ್ ಮಿ" ಎಂದು ಶುರುಮಾಡಿ, ಹಿಂದೆಯೇ ನಿಮ್ಮ ಹೆಸರು ಹೇಳಿಬಿಡಿ. ಅವರಿಗೂ ನಿರಾಳ, ನಿಮಗೂ ನಿರಾಳ.

"ಐ ಆಮ್ ನಾಟ್ ರೆಕಗ್ನೈಸಿಂಗ್ ಯು" ತಪ್ಪಾ?

ಒಬ್ಬರ ಎದುರು ನಿಂತು "ನೀವು ಯಾರು ಅಂತ ಗೊತ್ತಾಗ್ತಿಲ್ಲ" ಎಂದು ಹೇಳಲು ಅದು ತಪ್ಪು. "ಗೊತ್ತಾಗ್ತಿಲ್ಲ" ಎಂಬ ನಮ್ಮ ಮಾತಿನಲ್ಲಿ ಕೆಲಸ ನಡೆಯುತ್ತಲೇ ಇರುವ ಭಾವವಿದೆ, ಅದಕ್ಕೇ ಇಂಗ್ಲಿಷಿನಲ್ಲೂ ಇಂಗ್ ತಾನಾಗಿ ಬಂದುಬಿಡುತ್ತದೆ. ಆದರೆ ಗುರುತು ಹತ್ತುವುದು ಒಂದು ಕ್ಷಣದ ಸಂಗತಿ. ಹತ್ತಿತು ಅಥವಾ ಹತ್ತಲಿಲ್ಲ, ನಡುವೆ ನಡೆಯುತ್ತಾ ಇರುವಂಥದ್ದು ಏನೂ ಇಲ್ಲ. ನೋ, ಬಿಲೀವ್, ಅಂಡರ್‌ಸ್ಟ್ಯಾಂಡ್ ಇವುಗಳ ಹಾಗೆ ಇದೂ ಸಾಮಾನ್ಯವಾಗಿ ಇಂಗ್ ಹಚ್ಚಿಕೊಳ್ಳದ ಕ್ರಿಯಾಪದ. "ಐ ಡೋಂಟ್ ರೆಕಗ್ನೈಸ್ ಯು" ಅನ್ನಿ. ಸ್ವಲ್ಪ ಮೆದುವಾಗಿ ಹೇಳಬೇಕಿದ್ದರೆ "ಸಾರಿ, ಐ ಡಿಡಂಟ್ ರೆಕಗ್ನೈಸ್ ಯು" ಇನ್ನೂ ಒಳ್ಳೆಯದು.

ಹಾಗಂತ ಇಂಗ್ ರೂಪವನ್ನೇ ದೂರ ಇಡಬೇಡಿ. ಅದು ಸರಿಯಾಗಿ ಕೂರುವ ಜಾಗಗಳೂ ಇವೆ. ಗೌರವಿಸುವ ಅರ್ಥದಲ್ಲಿ ಅದು ನಿಜವಾಗಿ ನಡೆಯುವ ಕಾರ್ಯಕ್ರಮ, ಹಾಗಾಗಿ "ಟುನೈಟ್ ವಿ ಆರ್ ರೆಕಗ್ನೈಸಿಂಗ್ ಅವರ್ ಬೆಸ್ಟ್ ಪ್ಲೇಯರ್ಸ್" ಸರಿ. ನಿಧಾನವಾಗಿ ಆಗುವ ಬದಲಾವಣೆಗೂ ಸರಿ: "ಪೀಪಲ್ ಆರ್ ರೆಕಗ್ನೈಸಿಂಗ್ ದ ಡೇಂಜರ್ ನೌ." ಯಂತ್ರ ಪದೇ ಪದೇ ಸೋಲುತ್ತಿರುವಾಗ "ದ ಫೋನ್ ಈಸಂಟ್ ರೆಕಗ್ನೈಸಿಂಗ್ ಮೈ ಫಿಂಗರ್‌ಪ್ರಿಂಟ್" ಎಂದು ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರೂ ಹೇಳುತ್ತಾರೆ. "ಐ ಹ್ಯಾವ್ ಟ್ರಬಲ್ ರೆಕಗ್ನೈಸಿಂಗ್ ಫೇಸಸ್" ಎನ್ನುವಲ್ಲಿ ಟ್ರಬಲ್ ಇರುವುದರಿಂದ ಇಂಗ್ ಬರಲೇಬೇಕು.

"ಡಿಡಂಟ್ ರೆಕಗ್ನೈಸ್ಡ್" ಅನ್ನಬಹುದಾ?

ಇಲ್ಲ. ಡಿಡ್ ಬಂದ ಮೇಲೆ ಮೂಲ ರೂಪವೇ. "ಡಿಡಂಟ್ ರೆಕಗ್ನೈಸ್", "ಡಿಡ್ ಯು ರೆಕಗ್ನೈಸ್?"

"ಡಿಡಂಟ್ ರೆಕಗ್ನೈಸ್" ಮತ್ತು "ಕುಡಂಟ್ ರೆಕಗ್ನೈಸ್" ಎರಡಕ್ಕೂ ಏನು ವ್ಯತ್ಯಾಸ?

ಮೊದಲನೆಯದು ಸುಮ್ಮನೆ ನಡೆದದ್ದನ್ನು ಹೇಳುತ್ತದೆ: ಕಂಡೆ, ಗುರುತು ಹತ್ತಲಿಲ್ಲ. ಎರಡನೆಯದರಲ್ಲಿ ಪ್ರಯತ್ನಪಟ್ಟರೂ ಆಗಲಿಲ್ಲ ಎಂಬ ಭಾವ ಇದೆ. ಕತ್ತಲಿತ್ತು, ಮುಖ ಮುಚ್ಚಿತ್ತು, ಫೋಟೋ ಮಸುಕಾಗಿತ್ತು, ಹೀಗೆ ಏನೋ ಅಡ್ಡಿ ಇದ್ದಾಗ "ಕುಡಂಟ್" ಚೆನ್ನಾಗಿ ಹೊಂದುತ್ತದೆ.

ದಿನದ ಮಾತಿನಲ್ಲಿ ರೆಕಗ್ನೈಸ್ ಒಂಟಿಯಾಗಿ ಬರುವುದು ಕಡಿಮೆ. ಅದರ ಜೊತೆ ಒಂದಿಷ್ಟು ಪದಗಳು ಸದಾ ಓಡಾಡುತ್ತವೆ. ಅವನ್ನು ಇಡಿಯಾಗಿ ಕಲಿತರೆ ವಾಕ್ಯ ಸಲೀಸಾಗಿ ಬರುತ್ತದೆ.

"ಐ ಡಿಡಂಟ್ ರೆಕಗ್ನೈಸ್ ಯು ಅಟ್ ಫಸ್ಟ್." ಮೊದಲಿಗೆ ನಿಮ್ಮ ಗುರುತೇ ಸಿಗಲಿಲ್ಲ.
"ಐ ಹಾರ್ಡ್‌ಲಿ ರೆಕಗ್ನೈಸ್ಡ್ ಹರ್." ಅವಳ ಗುರುತು ಸಿಗುವುದೇ ಕಷ್ಟವಾಯಿತು.
"ಹಿ ರೆಕಗ್ನೈಸ್ಡ್ ಮಿ ಇಮ್ಮಿಡಿಯೆಟ್‌ಲಿ." ನೋಡಿದ ಕೂಡಲೇ ಗುರುತು ಹಿಡಿದ.
"ಐ ವುಡ್ ರೆಕಗ್ನೈಸ್ ದಟ್ ಲಾಫ್ ಎನಿವೇರ್." ಆ ನಗು ಎಲ್ಲಿ ಕೇಳಿದರೂ ಯಾರದೆಂದು ಹೇಳಬಲ್ಲೆ.
"ಐ ಡಿಡಂಟ್ ರೆಕಗ್ನೈಸ್ ಯು ವಿದೌಟ್ ಯುವರ್ ಗ್ಲಾಸಸ್." ಕನ್ನಡಕ ಇಲ್ಲದೆ ನಿಮ್ಮ ಗುರುತು ಸಿಗಲಿಲ್ಲ.

ಕೊನೆಯ ವಾಕ್ಯ ಬಹಳ ಉಪಯೋಗದ್ದು. ಗಡ್ಡ ಬಿಟ್ಟವರಿಗೆ, ಕೂದಲು ಕತ್ತರಿಸಿಕೊಂಡವರಿಗೆ, ಸಮವಸ್ತ್ರದಲ್ಲಿ ಕಂಡವರಿಗೆ ವಿದ್, ವಿದೌಟ್ ಬದಲಿಸಿ ಅದನ್ನೇ ಹೇಳಬಹುದು: "ವಿದ್ ದ ಬಿಯರ್ಡ್", "ವಿದ್ ಶಾರ್ಟ್ ಹೇರ್", "ಇನ್ ಯೂನಿಫಾರ್ಮ್".

ಇದರ ಮುಂದೆ ಟು ಹಾಕಬೇಕಾ?

ಬೇಡ. "ಐ ರೆಕಗ್ನೈಸ್ಡ್ ಟು ಹಿಮ್" ತಪ್ಪು. "ಅವನನ್ನು" ಎನ್ನುವಲ್ಲಿರುವ ವಿಭಕ್ತಿಗೆ ಇಂಗ್ಲಿಷಿನಲ್ಲಿ ಪ್ರತ್ಯೇಕ ಪದ ಬೇಕಿಲ್ಲ. ನೇರವಾಗಿ "ರೆಕಗ್ನೈಸ್ಡ್ ಹಿಮ್".

ಬೇರೆ ಸಣ್ಣ ಪದಗಳು ಬರುತ್ತವೆ, ಒಂದೊಂದಕ್ಕೂ ಒಂದೊಂದು ಕೆಲಸ. ಯಾವ ಗುರುತಿನಿಂದ ಎಂದು ಹೇಳಲು ಬೈ: "ಐ ರೆಕಗ್ನೈಸ್ಡ್ ಹರ್ ಬೈ ಹರ್ ವಾಕ್", ನಡಿಗೆ ನೋಡಿ ಗುರುತಿಸಿದೆ. ಮೊದಲು ಎಲ್ಲಿ ನೋಡಿದ್ದೆ ಎಂದು ಹೇಳಲು ಫ್ರಮ್: "ಐ ರೆಕಗ್ನೈಸ್ ಯು ಫ್ರಮ್ ದ ಫೋಟೋ." ಈ ಎರಡು ಬಹಳ ಜನರಿಗೆ ಅದಲುಬದಲಾಗುತ್ತವೆ, ಯಾಕೆಂದರೆ ಕನ್ನಡದ "ಇಂದ" ಎರಡಕ್ಕೂ ನಡೆಯುತ್ತದೆ. ಈಗ ಕಣ್ಣಮುಂದೆ ಇರುವ ಸುಳಿವು ಆದರೆ ಬೈ, ಹಿಂದಿನ ಪರಿಚಯದ ಮೂಲ ಆದರೆ ಫ್ರಮ್. ಯಾರೆಂದು ಗುರುತಿಸಿದೆ ಎಂಬುದಕ್ಕೆ ಆ್ಯಸ್: "ಶಿ ರೆಕಗ್ನೈಸ್ಡ್ ಹಿಮ್ ಆ್ಯಸ್ ಹರ್ ಓಲ್ಡ್ ಟೀಚರ್." ಯಾವ ಕೆಲಸಕ್ಕೆ ಗೌರವ ಎಂಬುದಕ್ಕೆ ಫಾರ್.

ನೋ, ಐಡೆಂಟಿಫೈ, ರಿಯಲೈಸ್, ನೋಟಿಸ್ ಇವೆಲ್ಲ ಬೇರೆ ಬೇರೆಯಾ?

ಹೌದು, ಮತ್ತು ಈ ಪದ ನಿಜವಾಗಿ ಅರ್ಥವಾಗುವುದು ಇವುಗಳ ಪಕ್ಕದಲ್ಲಿ ಇಟ್ಟು ನೋಡಿದಾಗಲೇ.

ನೋ ಎಂಬುದು ಉಳಿದುಕೊಂಡಿರುವ ತಿಳಿವಳಿಕೆ. "ಐ ನೋ ಹಿಮ್" ಅಂದರೆ ಅವರ ಪರಿಚಯ ಇದೆ, ಇವತ್ತೂ ಇದೆ, ನಾಳೆಯೂ ಇರುತ್ತದೆ. ರೆಕಗ್ನೈಸ್ ಅಂದರೆ ಕಂಡ ಆ ಕ್ಷಣದಲ್ಲಿ ಗುರುತು ಹತ್ತುವುದು. ಪರಿಚಯವೇ ಇಲ್ಲದ ಒಬ್ಬ ನಟನನ್ನು ನೀವು ರೆಕಗ್ನೈಸ್ ಮಾಡಬಹುದು, ಆದರೆ "ಐ ನೋ ಹಿಮ್" ಅನ್ನಲಾಗದು. ಅದೇ ರೀತಿ ಚೆನ್ನಾಗಿ ಬಲ್ಲವರನ್ನೇ ಕತ್ತಲಲ್ಲಿ ರೆಕಗ್ನೈಸ್ ಮಾಡದೇ ಹೋಗಬಹುದು.

ಐಡೆಂಟಿಫೈ ಎಂದರೆ ಯಾರು ಅಥವಾ ಏನು ಎಂದು ನಿಖರವಾಗಿ ತೋರಿಸುವುದು, ಹೇಳುವುದು. ಅದಕ್ಕೆ ಹಿಂದಿನ ಪರಿಚಯ ಬೇಕೇ ಬೇಕು ಎಂದಿಲ್ಲ. ಎಂದೂ ನೋಡಿರದ ಹಕ್ಕಿಯನ್ನು ಪುಸ್ತಕ ಇಟ್ಟುಕೊಂಡು ಬಣ್ಣ, ಕೊಕ್ಕು ಹೋಲಿಸಿ ಇದು ಇಂಥದ್ದೇ ಎಂದು ಪತ್ತೆ ಹಚ್ಚಿದರೆ ಅದು ಐಡೆಂಟಿಫೈ. ಅದೇ ಹಕ್ಕಿ ಮರುದಿನ ಮತ್ತೆ ಬಂದಾಗ "ಓ, ಇದು ಅದೇ" ಅನ್ನಿಸಿದರೆ ಅದು ರೆಕಗ್ನೈಸ್. ಪೊಲೀಸರ ಮುಂದೆ ಸಾಕ್ಷಿ ಹೇಳುವವರು ಎರಡನ್ನೂ ಮಾಡುತ್ತಾರೆ: ಮೊದಲು ಮುಖದ ಗುರುತು ಹತ್ತುತ್ತದೆ, ಆಮೇಲೆ ಬೆರಳು ತೋರಿಸಿ ಇವನೇ ಅನ್ನುತ್ತಾರೆ.

ರಿಯಲೈಸ್ ಬರುವುದು ಸಂಗತಿಗೆ, ವ್ಯಕ್ತಿಗೆ ಅಲ್ಲ. "ಐ ರಿಯಲೈಸ್ಡ್ ಹಿಮ್" ಎಂದು ಹೇಳಲಾಗದು. "ಐ ರಿಯಲೈಸ್ಡ್ ಹು ಹಿ ವಾಸ್" ಸರಿ, ಅವನು ಯಾರೆಂದು ನನಗೆ ಹೊಳೆಯಿತು.

ನೋಟಿಸ್ ಅಂದರೆ ಬರೀ ಕಣ್ಣಿಗೆ ಬೀಳುವುದು. "ಐ ನೋಟಿಸ್ಡ್ ಎ ಮ್ಯಾನ್ ಅಟ್ ದ ಡೋರ್, ಬಟ್ ಐ ಡಿಡಂಟ್ ರೆಕಗ್ನೈಸ್ ಹಿಮ್." ಬಾಗಿಲ ಬಳಿ ಒಬ್ಬರು ಕಂಡರು, ಯಾರೆಂದು ಗುರುತು ಸಿಗಲಿಲ್ಲ. ಈ ಒಂದು ವಾಕ್ಯ ಬಾಯಿಗೆ ಬಂದರೆ ಎರಡು ಪದಗಳ ಜಗಳ ಮುಗಿಯಿತು.

ಮುಖ ಗೊತ್ತು, ಹೆಸರು ನೆನಪಿಲ್ಲ. ಇದನ್ನು ಹೇಗೆ ಹೇಳುವುದು?

"ಐ ರೆಕಗ್ನೈಸ್ ಯುವರ್ ಫೇಸ್, ಬಟ್ ಐ ಕ್ಯಾನ್ಟ್ ರಿಮೆಂಬರ್ ಯುವರ್ ನೇಮ್." ಇದರಲ್ಲಿ ಮುಜುಗರಪಡುವಂಥದ್ದು ಏನೂ ಇಲ್ಲ. ಕಂಡದ್ದನ್ನು ಗುರುತಿಸುವುದು ಬೇರೆ, ಏನೂ ಸುಳಿವಿಲ್ಲದೆ ನೆನಪಿನಿಂದ ಹೊರತೆಗೆಯುವುದು ಬೇರೆ. ಮನಃಶಾಸ್ತ್ರದಲ್ಲಿ ಮೊದಲನೆಯದಕ್ಕೆ ರೆಕಗ್ನಿಷನ್, ಎರಡನೆಯದಕ್ಕೆ ರಿಕಾಲ್ ಎಂಬ ಹೆಸರಿದೆ. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎಂದಾಗ ಸುಲಭವಾಗಿ ಹೊಳೆಯುವುದು, ಬಿಳಿ ಹಾಳೆ ಕೊಟ್ಟಾಗ ಹೊಳೆಯುವುದಿಲ್ಲ, ಅಲ್ವಾ? ಕಾರಣ ಇದೇ.

ಮುಖಗಳ ಗುರುತೇ ಹತ್ತದವರೂ ಇದ್ದಾರೆ. ಈ ಸ್ಥಿತಿಗೆ ಪ್ರೊಸೊಪಾಗ್ನೋಸಿಯಾ ಎಂದು ಹೆಸರು. ಜರ್ಮನಿಯ ನರವೈದ್ಯ ಯೋಆಕಿಮ್ ಬೋಡಾಮರ್ 1947ರಲ್ಲಿ ಈ ಹೆಸರು ಕೊಟ್ಟರು. ಅಂಥವರಲ್ಲಿ ಹಲವರಿಗೆ ಕಣ್ಣು ಚೆನ್ನಾಗಿರುತ್ತದೆ, ನೆನಪೂ ಚೆನ್ನಾಗಿರುತ್ತದೆ. ಹತ್ತಿರದವರನ್ನು ಕೂಡ ದನಿ, ನಡಿಗೆ, ಬಟ್ಟೆ ನೋಡಿ ತಿಳಿಯಬೇಕಾಗುತ್ತದೆ. ಯಾರಾದರೂ "ಐ ಆಮ್ ಬ್ಯಾಡ್ ವಿದ್ ಫೇಸಸ್" ಎಂದರೆ ಅದನ್ನು ಉದಾಸೀನ ಎಂದುಕೊಳ್ಳಬೇಡಿ. ನಿಮ್ಮ ಹೆಸರನ್ನು ಇನ್ನೊಮ್ಮೆ ಹೇಳಿ.

ಕನ್ನಡಿಯಲ್ಲಿ ತನ್ನನ್ನೇ ಗುರುತಿಸಿಕೊಂಡರೆ?

ಮೈಸೆಲ್ಫ್, ಹಿಮ್‌ಸೆಲ್ಫ್ ಇವು ಜೊತೆಗೆ ಬರುತ್ತವೆ. "ಐ ಡಿಡಂಟ್ ರೆಕಗ್ನೈಸ್ ಮೈಸೆಲ್ಫ್ ಇನ್ ದಟ್ ಓಲ್ಡ್ ಫೋಟೋ." 1970ರಲ್ಲಿ ಗಾರ್ಡನ್ ಗ್ಯಾಲಪ್ ಎಂಬ ವಿಜ್ಞಾನಿ ಚಿಂಪಾಂಜಿಗಳ ಮುಖಕ್ಕೆ ಅವುಗಳಿಗೆ ಗೊತ್ತಾಗದಂತೆ ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಟ್ಟರು. ಅವು ಕನ್ನಡಿ ನೋಡಿ ತಮ್ಮ ಮುಖದ ಮೇಲಿನ ಬಣ್ಣವನ್ನೇ ಮುಟ್ಟಿಕೊಂಡವು. ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೀಗೆ: "ಚಿಂಪಾಂಜೀಸ್ ಕ್ಯಾನ್ ರೆಕಗ್ನೈಸ್ ದೆಮ್‌ಸೆಲ್ವ್ಸ್ ಇನ್ ಎ ಮಿರರ್."

ದೇಶ, ಸಂಸ್ಥೆ, ಪದವಿ ಇವುಗಳ ಜೊತೆ ಬಂದಾಗ ಅರ್ಥ ಏನು?

ಮಾನ್ಯತೆ. ಇಲ್ಲಿ ಗುರುತು ಹಿಡಿಯುವ ಮಾತಿಲ್ಲ, "ನೀನು ಇದ್ದೀಯ, ನಿನ್ನ ಸ್ಥಾನವನ್ನು ಒಪ್ಪುತ್ತೇನೆ" ಎಂಬ ಮಾತು. ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟದ್ದು 1933ರಲ್ಲಿ: "ಅಮೆರಿಕ ರೆಕಗ್ನೈಸ್ಡ್ ದ ಸೋವಿಯತ್ ಯೂನಿಯನ್ ಇನ್ 1933." ಅಲ್ಲಿಯವರೆಗೆ ಅಂಥ ದೇಶ ಇದೆ ಎಂದು ಅಮೆರಿಕಕ್ಕೆ ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿತ್ತು, ಆ ಸರಕಾರವನ್ನು ಒಪ್ಪಿರಲಿಲ್ಲ. ಎರಡು ಅರ್ಥಗಳ ಅಂತರ ಇಲ್ಲಿ ಚೆನ್ನಾಗಿ ಕಾಣುತ್ತದೆ.

2010ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಶುದ್ಧ ಕುಡಿಯುವ ನೀರು ಮತ್ತು ನೈರ್ಮಲ್ಯ ಮನುಷ್ಯರ ಹಕ್ಕು ಎಂದು ಒಪ್ಪಿತು. ಆ ನಿರ್ಣಯದಲ್ಲಿ ಇದೇ ಕ್ರಿಯಾಪದ ಇದೆ. ಇಂಥ ಕಡೆ "ಕೊಟ್ಟಿತು" ಎಂಬರ್ಥದ ಪದ ಬಳಸದೆ ರೆಕಗ್ನೈಸ್ ಬಳಸುವುದರಲ್ಲಿ ತೂಕವಿದೆ. ಹಕ್ಕು ಮೊದಲೇ ಇತ್ತು, ನಾವು ಈಗ ಅದನ್ನು ಒಪ್ಪುತ್ತಿದ್ದೇವೆ ಎಂಬ ಭಾವ. ನನಗೆ ಈ ಪದದ ಮೇಲೆ ಪ್ರೀತಿ ಹುಟ್ಟಿದ್ದು ಈ ಅರ್ಥದಿಂದಲೇ.

ಇಲ್ಲ ಎನ್ನಲೂ ಬರುತ್ತದೆ. ಪ್ಲೂಟೊವನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2006ರಲ್ಲಿ ಗ್ರಹಗಳ ಸಾಲಿನಿಂದ ತೆಗೆದು ಕುಬ್ಜ ಗ್ರಹ ಎಂದಿತು. "ಪ್ಲೂಟೊ ಈಸ್ ನೋ ಲಾಂಗರ್ ರೆಕಗ್ನೈಸ್ಡ್ ಆ್ಯಸ್ ಎ ಪ್ಲ್ಯಾನೆಟ್." ದಿನದ ಬಳಕೆಗೆ: "ಈಸ್ ದಿಸ್ ಡಿಗ್ರಿ ರೆಕಗ್ನೈಸ್ಡ್ ಅಬ್ರಾಡ್?" ಈ ಪದವಿಗೆ ಹೊರದೇಶದಲ್ಲಿ ಮಾನ್ಯತೆ ಇದೆಯಾ? ಹಣ ಕಟ್ಟುವ ಮೊದಲು ಕೇಳಲೇಬೇಕಾದ ಪ್ರಶ್ನೆ.

"ಶಿ ವಾಸ್ ರೆಕಗ್ನೈಸ್ಡ್" ಅಂದರೆ ಗುರುತಿಸಿದರು ಅಂತಲೋ, ಗೌರವಿಸಿದರು ಅಂತಲೋ?

ಬರೀ ಅಷ್ಟೇ ಹೇಳಿದರೆ ಎರಡೂ ಆಗಬಹುದು. ಮುಂದೆ ಬರುವ ಪದ ನಿರ್ಧರಿಸುತ್ತದೆ. "ಶಿ ವಾಸ್ ರೆಕಗ್ನೈಸ್ಡ್ ಅಟ್ ದ ಸ್ಟೇಷನ್" ಅಂದರೆ ನಿಲ್ದಾಣದಲ್ಲಿ ಯಾರೋ ಗುರುತು ಹಿಡಿದರು. "ಶಿ ವಾಸ್ ರೆಕಗ್ನೈಸ್ಡ್ ಫಾರ್ ಹರ್ ವರ್ಕ್" ಅಂದರೆ ಅವಳ ಕೆಲಸಕ್ಕೆ ಗೌರವ ಸಿಕ್ಕಿತು.

ಅಭಿನಂದನಾ ಪತ್ರಗಳಲ್ಲಿ "ಇನ್ ರೆಕಗ್ನಿಷನ್ ಆಫ್" ಎಂದು ನೋಡಿರುತ್ತೀರಿ. ಇಂಥ ಸೇವೆಯನ್ನು ಗುರುತಿಸಿ, ಎಂದರ್ಥ. 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಪಡೆದ ರಾಂಟ್ಗೆನ್ ಅವರ ಪ್ರಶಸ್ತಿಯ ಒಕ್ಕಣೆಯೂ, 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೇರಿ ಕ್ಯೂರಿ ಅವರದೂ ಇದೇ ಪದಗಳಿಂದ ಶುರುವಾಗುತ್ತದೆ.

ಕೆಲಸದ ಜಾಗದಲ್ಲಿ ಇದನ್ನು ಧಾರಾಳವಾಗಿ ಬಳಸಿ. "ಐ ವಾಂಟ್ ಟು ರೆಕಗ್ನೈಸ್ ದ ಪೀಪಲ್ ಹು ಸ್ಟೇಡ್ ಲೇಟ್" ಎಂದರೆ, ತಡವಾಗುವವರೆಗೆ ನಿಂತು ಕೆಲಸ ಮಾಡಿದವರನ್ನು ಎಲ್ಲರ ಮುಂದೆ ನೆನೆಯಬೇಕು ಎಂದು. ಬರೀ ಥ್ಯಾಂಕ್ಸ್ ಹೇಳುವುದಕ್ಕಿಂತ ಇದು ಹೆಚ್ಚು. ನಿಮ್ಮ ಶ್ರಮ ನಮ್ಮ ಕಣ್ಣಿಗೆ ಬಿದ್ದಿದೆ ಎಂದು ಹೇಳಿದಂತೆ.

"ಐ ರೆಕಗ್ನೈಸ್ ದಟ್..." ಎಂದು ಯಾವಾಗ ಶುರುಮಾಡಬಹುದು?

ಒಂದು ಸಂಗತಿ ನಿಜ ಎಂದು ಒಪ್ಪುವಾಗ. "ಐ ರೆಕಗ್ನೈಸ್ ದಟ್ ದಿಸ್ ಈಸ್ ಹಾರ್ಡ್ ಫಾರ್ ಯು." ಇದು ನಿಮಗೆ ಕಷ್ಟ ಎಂದು ನಾನು ಬಲ್ಲೆ. ಮಾತಿಗೆ ಮಾತು ಬೆಳೆದಾಗ ಹೀಗೆ ಶುರುಮಾಡಿದರೆ ಎದುರಿನವರು ಕೇಳಿಸಿಕೊಳ್ಳುತ್ತಾರೆ. ಗೆಳೆಯರ ನಡುವೆ ಸ್ವಲ್ಪ ಗಂಭೀರ ಅನ್ನಿಸಬಹುದು. ಅಲ್ಲಿ "ಐ ನೋ" ಸಾಕು.

ಫೋನು, ಕಂಪ್ಯೂಟರಿಗೂ ಇದೇ ಪದವಾ?

ಇದೇ. "ಮೈ ಲ್ಯಾಪ್‌ಟಾಪ್ ಡಸಂಟ್ ರೆಕಗ್ನೈಸ್ ದ ಪೆನ್ ಡ್ರೈವ್." "ಮೈ ಫೋನ್ ಡಸಂಟ್ ರೆಕಗ್ನೈಸ್ ಮಿ ಇನ್ ದ ಡಾರ್ಕ್." ಮಾತು ಗುರುತಿಸುವ ಯಂತ್ರದ ಕೆಲಸ ಇವತ್ತಿನದಲ್ಲ. ಬೆಲ್ ಲ್ಯಾಬ್ಸ್‌ನ ಆಡ್ರಿ ಎಂಬ ಯಂತ್ರ 1952ರಲ್ಲೇ ಬಾಯಿಂದ ಹೇಳಿದ ಅಂಕಿಗಳನ್ನು ಗುರುತಿಸುತ್ತಿತ್ತು. ಸ್ಪೀಚ್ ರೆಕಗ್ನಿಷನ್, ಫೇಸ್ ರೆಕಗ್ನಿಷನ್ ಇವೆಲ್ಲ ಈಗ ಕನ್ನಡದ ಮಾತಿನಲ್ಲೂ ಬೆರೆತಿವೆ.

ಗುರುತೇ ಸಿಗದಷ್ಟು ಬದಲಾಗಿದೆ ಅನ್ನಲು?

"ದ ಸ್ಟ್ರೀಟ್ ಹ್ಯಾಸ್ ಚೇಂಜ್ಡ್ ಬಿಯಾಂಡ್ ರೆಕಗ್ನಿಷನ್." ಅಥವಾ ಒಂದೇ ಪದದಲ್ಲಿ ಅನ್‌ರೆಕಗ್ನೈಸಬಲ್. ಜನರ ಬಗ್ಗೆ ಹೇಳುವಾಗ ಎಚ್ಚರ ಇರಲಿ. ಕಾಯಿಲೆಯಿಂದ ಸೊರಗಿದವರ ಎದುರಿಗೆ ಇದನ್ನು ಹೇಳಿದರೆ ಮನಸ್ಸು ನೋಯುತ್ತದೆ.

ಸಭೆಯಲ್ಲಿ "ದ ಚೇರ್ ರೆಕಗ್ನೈಸಸ್..." ಎಂದು ಕೇಳಿದ್ದೇನೆ. ಕುರ್ಚಿ ಯಾರನ್ನು ಗುರುತಿಸುತ್ತದೆ?

ಅಲ್ಲಿ ಚೇರ್ ಅಂದರೆ ಸಭೆಯ ಅಧ್ಯಕ್ಷರು. ಅವರು ಒಬ್ಬ ಸದಸ್ಯರ ಹೆಸರು ಹಿಡಿದು ಹೀಗೆ ಹೇಳಿದರೆ, ಅವರಿಗೆ ಮಾತಾಡಲು ಅವಕಾಶ ಕೊಟ್ಟಿದ್ದಾರೆ ಎಂದರ್ಥ. ಅಮೆರಿಕದ ಸಂಸತ್ತಿನ ಕಲಾಪದಲ್ಲಿ ಇದನ್ನು ಜಾಸ್ತಿ ಕೇಳುತ್ತೀರಿ. ನಿಮ್ಮ ಹೆಸರು ಬಂದರೆ ಎದ್ದು ನಿಂತು ಮಾತು ಶುರುಮಾಡಿ.